ಕ್ರೂಸಿನ ಕಲ್ಲುಮನೆಗಳು

ಮಧ್ಯ ಫ್ರಾನ್ಸಿನ ಕ್ರೂಸ್ ಜಿಲ್ಲೆಯು ಗಾರೆಕೆಲಸದವರ ನಾಡೆಂದು ಹೆಸರಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಗಂಡಸರು ಪ್ಯಾರಿಸ್ಸಿಗೆ ಹೋಗಿ ಆ ಮಹಾನಗರವನ್ನು ಕಟ್ಟಿದರು. ಹಲವರು ಅಲ್ಲಿಯೇ ನಿಂತರು. 1850ರ ಸುಮಾರಿಗೆ 2,80,000 ದಾಟಿದ್ದ ಜಿಲ್ಲೆಯ ಜನಸಂಖ್ಯೆ ಇಂದು ಅದರ ಅರ್ಧಕ್ಕಿಂತಲೂ ಕಡಿಮೆ. ಬರಿದಾದ ಕಲ್ಲುಮನೆಗಳನ್ನು ಕೊಂಡು ಬಂದವರಲ್ಲಿ ಇಂಗ್ಲೆಂಡಿನ ಸಂಸಾರಗಳೂ ಉಂಟು. ಕೆಲವರ ಜೊತೆಗೆ ಹಳೆಯ ಲ್ಯಾಂಡ್ ರೋವರ್ ಕೂಡ ಕಡಲು ದಾಟಿ ಬಂದಿದೆ.

ಈ ವಾಹನ ಹುಟ್ಟಿದ್ದೇ ಹೊಲದ ಕೆಲಸಕ್ಕಾಗಿ. ರೋವರ್ ಸಂಸ್ಥೆಯ ಮಾರಿಸ್ ವಿಲ್ಕ್ಸ್ ಅವರು ವೇಲ್ಸಿನ ಆಂಗಲ್‌ಸಿ ದ್ವೀಪದ ತಮ್ಮ ಜಮೀನಿನಲ್ಲಿ ಯುದ್ಧಕಾಲದ ಜೀಪೊಂದನ್ನು ದುಡಿಸುತ್ತಿದ್ದಾಗ ಇದರ ಕಲ್ಪನೆ ಮೂಡಿತು. 1948ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಅದು ಲೋಕದ ಕಣ್ಣಿಗೆ ಬಿತ್ತು. ಉಕ್ಕಿಗೆ ಅಭಾವವಿದ್ದುದರಿಂದ ಮೈಯನ್ನು ಅಲ್ಯೂಮಿನಿಯಂ ಮಿಶ್ರಲೋಹದಿಂದ ಮಾಡಿದ್ದರು. ಕೆಸರಿನ ಕಾಡುದಾರಿಯಲ್ಲಿ ಚಳಿಗಾಲದ ಸೌದೆ ಹೊತ್ತು ತರಲು ಇದಕ್ಕಿಂತ ಒಳ್ಳೆಯ ಆಳು ಬೇಕೆ? ಉಕ್ಕಿನ ಚಾಸಿಗೆ ತುಕ್ಕು ಹತ್ತದಂತೆ ಮಾತ್ರ ಕಾಯಬೇಕು.

ವಾಹನಕ್ಕೆ 30 ವರ್ಷ ತುಂಬಿದ್ದರೆ ಸಂಗ್ರಹಯೋಗ್ಯವೆಂದು ಫ್ರಾನ್ಸು ಪ್ರತ್ಯೇಕ ನೋಂದಣಿಪತ್ರ ಕೊಡುವುದುಂಟು. ಒಡೆಯನಿಗೆ ಈ ಸಲಿಗೆಯಿಲ್ಲ. 2021ರಿಂದೀಚೆಗೆ, ಹೊಸದಾಗಿ ಬರುವ ಬ್ರಿಟಿಷ್ ಪ್ರಜೆ ವೀಸಾ ಇಲ್ಲದೆ 180 ದಿನಗಳಲ್ಲಿ 90 ದಿನ ಮಾತ್ರ ತಂಗಬಹುದು. ಮನೆ ಕೊಂಡಿದ್ದರೂ ನಿಯಮ ಅದೇ.

ಹಳ್ಳಿಗೆ ಬೇಕಾದುದು ವರ್ಷವಿಡೀ ಒಲೆ ಉರಿಸುವ ಸಂಸಾರ. ಅಂಥವರು ನೆರೆಯವರ ಭಾಷೆ ಕಲಿತು, ಮಕ್ಕಳನ್ನು ಊರ ಶಾಲೆಗೆ ಕಳುಹಿಸಿದರೆ ಶಾಲೆಯೂ ರೊಟ್ಟಿಯಂಗಡಿಯೂ ಉಳಿದಾವು. ಬೇಸಗೆ ಕಳೆದೊಡನೆ ಬೀಗ ಹಾಕಿ ಹೊರಟರೆ ಆ ಕಲ್ಲುಮನೆ ಮತ್ತೆ ಬರಿದು.