ತಾಳವಾಡಿಯಲ್ಲಿ ಮುಂದಿನ ಚಿತ್ರ

ಚಾಮರಾಜನಗರದಿಂದ ತೆಂಕಣಕ್ಕೆ ಹೊರಟ ಬಸ್ಸು ಗಂಟೆಯೊಪ್ಪತ್ತಿನಲ್ಲಿ ತಾಳವಾಡಿಯನ್ನು ಮುಟ್ಟುತ್ತದೆ. ನಡುವೆ ರಾಜ್ಯದ ಗಡಿಯೊಂದು ಕಳೆದುಹೋಯಿತೆಂಬುದು ಹೊಸಬರಿಗೆ ತಿಳಿಯುವುದು ಅಂಗಡಿಗಳ ಹೆಸರುಹಲಗೆಗಳಿಂದ ಮಾತ್ರ. ಕಿವಿಗೆ ಬೀಳುವ ಮಾತು ಅದೇ ಕನ್ನಡ, ಹೊಲದಲ್ಲಿ ಅದೇ ರಾಗಿ. ಆದರೆ ನಮ್ಮ ಜಿಲ್ಲಾ ಕೇಂದ್ರವಾದ ಈರೋಡಿಗೆ ಹೋಗಬೇಕಾದರೆ ಕಾಡು ಹೊಕ್ಕು, ಹಾಸನೂರು ದಾಟಿ, ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನಿಳಿದು, ಬಣ್ಣಾರಿ, ಸತ್ಯಮಂಗಲಗಳ ಮೇಲೆ ಸಾಗಬೇಕು. ನಂಟಸ್ತಿಕೆಗೆ ಒಂದು ದಾರಿ, ಕಚೇರಿಗೆ ಇನ್ನೊಂದು ದಾರಿ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವುಂಟು. ಸಿನಿಮಾದ ಪೆಟ್ಟಿಗೆ ನಮ್ಮಲ್ಲಿಗೆ ಬರುತ್ತಿದ್ದುದು ಈ ಎರಡನೆಯ ದಾರಿಯಲ್ಲಿ.

ತಾಳವಾಡಿಗೆ ಸಮೀಪದ ಗಾಜನೂರು ಡಾ. ರಾಜಕುಮಾರ್ ಅವರ ಹುಟ್ಟೂರೆಂಬುದನ್ನು ಓದುಗರು ಬಲ್ಲರು. 1929ರ ಏಪ್ರಿಲ್ 24ರಂದು ಅಲ್ಲಿ ಹುಟ್ಟಿದ ಕೂಸಿಗೆ ಮುತ್ತುರಾಜನೆಂದು ಹೆಸರಿಟ್ಟರು. ತಂದೆ ಪುಟ್ಟಸ್ವಾಮಯ್ಯನವರು ರಂಗನಟರು. ಅವರ ಊರು ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರು. ಆಗ ಎರಡೂ ಊರುಗಳು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೇ ಸೇರಿದ್ದುವು. 1954ರಲ್ಲಿ ‘ಬೇಡರ ಕಣ್ಣಪ್ಪ’ ತೆರೆಕಂಡು ಮುತ್ತುರಾಜರು ರಾಜಕುಮಾರರಾದರು. ಎರಡು ವರ್ಷಗಳ ತರುವಾಯ, 1956ರ ನವೆಂಬರ್ 1ರಂದು, ರಾಜ್ಯಗಳ ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರಿಗೆ ಹೋಯಿತು, ತಾಳವಾಡಿಯು ಮದರಾಸಿನಲ್ಲಿಯೇ ಉಳಿಯಿತು. ತಂದೆಯ ಊರು ಆಚೆ, ಹುಟ್ಟಿದ ಊರು ಈಚೆ. ಹೊರಗಿನ ಪತ್ರಿಕೆಗಳಿಗೆ ಗಾಜನೂರು ನೆನಪಾದುದು ಮಾತ್ರ 2000ದ ಜುಲೈ 30ರ ರಾತ್ರಿ, ವೀರಪ್ಪನ್ ಅವರನ್ನು ಅಲ್ಲಿಂದ ಅಪಹರಿಸಿಕೊಂಡು ಹೋದಾಗ. ಆ 108 ದಿನಗಳ ಮಾತು ಇಲ್ಲಿ ಬೇಡ.

ನಾವು ಹೇಳಹೊರಟಿರುವುದು ಟೆಂಟಿನ ಮಾತು. ನಮ್ಮ ಬಾಲ್ಯದಲ್ಲಿ ಸುಗ್ಗಿ ಮುಗಿಯುತ್ತಲೇ ಬಯಲಿನಲ್ಲಿ ಟೆಂಟು ಏಳುತ್ತಿದ್ದಿತು. ಅಂತಹ ಸಂಚಾರಿ ಸಿನಿಮಾಗಳಿಗೆ ಸರಕಾರ ಕೊಡುತ್ತಿದ್ದುದು ತಾತ್ಕಾಲಿಕ ಪರವಾನಗಿ. ಅವಧಿ ತೀರಿದೊಡನೆ ಗೂಟ ಕಿತ್ತು ಹೊರಡಬೇಕು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ನೆಲವೆಂದರೆ ಮರಳು, ಮುಂದಿನವನ ತಲೆ ಅಡ್ಡವಾದರೆ ಮರಳನ್ನು ಗುಡ್ಡೆಮಾಡಿ ಅದರ ಮೇಲೆ ಕೂಡುವುದು ಹುಡುಗರ ಉಪಾಯ. ಯಂತ್ರ ಒಂದೇ ಆದುದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿದ್ದಿತು. ಒಂದು ಚಿತ್ರಕ್ಕೆ ಮೂರು ಮೂರು ವಿರಾಮ, ಮೂರು ಸಲ ಕಡಲೆಕಾಯಿ. ಬೆಳಕಿದ್ದಾಗ ಆಟವಿಲ್ಲ. ಕತ್ತಲಾಗುವ ಹೊತ್ತಿಗೆ ಧ್ವನಿವರ್ಧಕದಲ್ಲಿ ದೇವರ ಹಾಡು ಹಾಕಿದರೆ ಸುತ್ತಲ ಹಳ್ಳಿಗಳವರು ಹೆಜ್ಜೆ ಬೀಸುಗೊಳಿಸುವರು. ಗಡಿಯಾಚೆಯ ಟೆಂಟುಗಳಲ್ಲಿ ಆ ಹಾಡು ಘಂಟಸಾಲರ ವೆಂಕಟೇಶ ಸ್ತುತಿ. ನಮ್ಮಲ್ಲಿ ಸೀರ್ಕಾಳಿ ಗೋವಿಂದರಾಜನ್ ಅವರ ವಿನಾಯಕ ಸ್ತುತಿ. ಕಣ್ಣು ಕಟ್ಟಿ ಬಿಟ್ಟರೂ ಯಾವ ರಾಜ್ಯದಲ್ಲಿದ್ದೇವೆಂದು ಇದರಿಂದ ಹೇಳಬಹುದಾಗಿತ್ತು.

ತೆರೆಯ ಮೇಲೆ ಬರುತ್ತಿದ್ದುದು ಬಹುಮಟ್ಟಿಗೆ ತಮಿಳು ಚಿತ್ರಗಳೇ. ಇದರಲ್ಲಿ ಯಾರ ದ್ವೇಷವೂ ಇರಲಿಲ್ಲ, ವ್ಯಾಪಾರದ ಲೆಕ್ಕವಿದ್ದಿತು. ಚಿತ್ರಗಳ ಹಂಚಿಕೆಯ ಹಕ್ಕನ್ನು ವಲಯ ವಲಯವಾಗಿ ಮಾರುವುದು ಆ ಉದ್ಯಮದ ಪದ್ಧತಿ. ನಾವು ಕೊಯಮತ್ತೂರು ವಲಯದವರು. ಕನ್ನಡ ಚಿತ್ರದ ಪ್ರತಿಗಳು ಮೈಸೂರು ಸೀಮೆಯಲ್ಲಿ ಸುತ್ತುತ್ತಿದ್ದುವು. ಬೆಟ್ಟದ ಮೇಲಿನ ಕೆಲವು ಹಳ್ಳಿಗಳಿಗಾಗಿ ಕೊಯಮತ್ತೂರಿನಲ್ಲಿ ಯಾರು ಹಣ ಹೂಡುವರು? ಹೀಗಾಗಿ ರಾಜಕುಮಾರರ ಚಿತ್ರ ನೋಡಬೇಕೆಂದರೆ ಅವರದೇ ಹುಟ್ಟೂರಿನವರು ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಬೇಕಾಗಿತ್ತು.

ನಾವು ಐದನೆಯ ತರಗತಿಯಲ್ಲಿದ್ದ ವರ್ಷ ಒಂದು ಸೋಜಿಗ ನಡೆಯಿತು. ಟೆಂಟಿನವರ ಎತ್ತಿನ ಗಾಡಿ ತಮಟೆ ಬಡಿಯುತ್ತ ನಮ್ಮ ಬೀದಿಗೆ ಬಂದಿತು. ‘ಮುಂದಿನ ಚಿತ್ರ, ಕಸ್ತೂರಿ ನಿವಾಸ’ ಎಂಬ ಬರೆಹ ಕನ್ನಡದಲ್ಲಿದ್ದಿತು, ಯಾರೋ ಮೇಷ್ಟರ ಕೈಯಿಂದ ಬರೆಸಿದ್ದಿರಬೇಕು. ಬೀದಿಯಲ್ಲಿ ಓದಬಲ್ಲವರು ವಿರಳ. ನಾವು ಗಾಡಿಯ ಹಿಂದೆ ಓಡುತ್ತ ಗಟ್ಟಿಯಾಗಿ ಓದಿದೆವು. ಪಾಠಪುಸ್ತಕದ ಹೊರಗೆ, ಊರ ಬೀದಿಯಲ್ಲಿ, ಕನ್ನಡ ಅಕ್ಷರಗಳನ್ನು ನಾವು ಓದಿ ಇನ್ನೊಬ್ಬರು ಕೇಳಿದುದು ಅದೇ ಮೊದಲು. ಪಕ್ಕದ ಮನೆಯ ಅಜ್ಜಿ ಜಗಲಿಯಿಂದ ಕೇಳಿದರು: “ನಮ್ಮ ಮುತ್ತುರಾಜ ಯಾವತ್ತು ಬಂದಾನು, ಕೂಸೇ?” ಚಿತ್ರವಲ್ಲ, ಆತನೇ ಬರುವನೆಂಬಂತೆ.

ಶುಕ್ರವಾರ ಗಾಡಿಗಳು ಬಂದುವು, ಬುತ್ತಿ ಕಟ್ಟಿಕೊಂಡು ಜನ ಬಂದರು. ಪೆಟ್ಟಿಗೆಯೂ ಬಂದಿತು. ತೆರೆಯ ಮೇಲೆ ಮೂಡಿದವರು ಶಿವಾಜಿ ಗಣೇಶನ್! ದೊರೆ-ಭಗವಾನ್ ಅವರು 1971ರಲ್ಲಿ ತೆಗೆದ ‘ಕಸ್ತೂರಿ ನಿವಾಸ’ವು 1975ರಲ್ಲಿ ತಮಿಳಿನಲ್ಲಿ ‘ಅವನ್‌ದಾನ್ ಮನಿದನ್’ ಆಗಿ ಬಂದಿದ್ದಿತು. ಘಾಟಿ ಹತ್ತಿ ಬಂದದ್ದು ಆ ಪ್ರತಿ. ತಪ್ಪು ಯಾರದೋ, ದೇವರೇ ಬಲ್ಲ. ಹುಡುಗರು ಕೂಗಾಡಿದರು; ಟೆಂಟಿನ ಯಜಮಾನರು ಹಣ ಹಿಂದಿರುಗಿಸಲಿಲ್ಲ. ಕೇಳಿದವರಿಗೆಲ್ಲ ಕೊಟ್ಟು ಬರಿಗೈಯಾಗುವ ಸಿರಿವಂತನ ಕಥೆಯನ್ನು ಅಜ್ಜಿ ಕೊನೆಯವರೆಗೂ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿಂದಿರುಗುವಾಗ ಗಾಡಿಯಲ್ಲಿ ಅವರೆಂದುದು ಇಷ್ಟೇ: “ಕತೆ ಚೆಂದಾಗದ. ಅವನೂ ಚೆಂದಾಗೇ ಮಾಡ್ದ. ಆದ್ರ ನಮ್ಮ ಹೈದ ಬರಲಿಲ್ಲವಲ್ಲ.” ಶಿವಾಜಿಯವರ ಅಭಿನಯವನ್ನು ಮೆಚ್ಚಿಕೊಳ್ಳಲು ನಮಗೆ ಇನ್ನೂ ಹತ್ತು ವರ್ಷ ಬೇಕಾಯಿತು. ಅಜ್ಜಿಯು ಆ ಚಿತ್ರವನ್ನು ಕನ್ನಡದಲ್ಲಿ ನೋಡಲೇ ಇಲ್ಲ.

ಈಗ ಚಿತ್ರಕ್ಕಾಗಿ ಕಾಯುವವರಾರು? ನಮ್ಮ ಶಾಲೆಯ ಮಕ್ಕಳು ಅಂಗೈಯಗಲದ ಫೋನಿನಲ್ಲಿ ಎಲ್ಲ ಭಾಷೆಗಳ ಚಿತ್ರಗಳನ್ನೂ ನೋಡುತ್ತಾರೆ. ಓದಲು ಮಾತ್ರ ಅಲ್ಲಿ ಏನೂ ಇಲ್ಲ. 2006ರ ಕಾಯಿದೆಯಿಂದ ಈ ರಾಜ್ಯದ ಶಾಲೆಗಳಲ್ಲಿ ತಮಿಳು ಕಡ್ಡಾಯವಾಗಿದೆ. ಮಕ್ಕಳು ಅದನ್ನು ಚೆನ್ನಾಗಿಯೇ ಕಲಿಯುತ್ತಿದ್ದಾರೆ, ಕಲಿಯಲೂ ಬೇಕು. ಬೀದಿಯಲ್ಲಿ, ಬಸ್ಸಿನಲ್ಲಿ, ಪಡಿತರದ ಅಂಗಡಿಯಲ್ಲಿ ಆ ಲಿಪಿ ಅವರಿಗೆ ದಿನವೂ ಎದುರಾಗುತ್ತದೆ. ಕನ್ನಡದ ಲಿಪಿಯಾದರೋ ತರಗತಿಯ ಗಂಟೆ ಹೊಡೆದೊಡನೆ ಚೀಲದೊಳಕ್ಕೆ ಹೋಗಿಬಿಡುತ್ತದೆ.

ಆದುದರಿಂದ ಕಳೆದ ತಿಂಗಳು ನಾವೊಂದು ಕೆಲಸ ಮಾಡಿದೆವು. ಶಾಲೆಯ ಹೊರಗೋಡೆಯ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ‘ಮುಂದಿನ ಚಿತ್ರ, ಕಸ್ತೂರಿ ನಿವಾಸ’ ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ತಮಿಳಿನಲ್ಲಿಯೂ ಬರೆದೆವು. ಮೊದಲನೆಯ ದಿನ ಮಕ್ಕಳು ತಮಿಳಿನ ಸಾಲನ್ನು ಓದಿ ಓಡಿಹೋದರು. ಮರುದಿನ ತಮಿಳಿನ ಸಾಲನ್ನು ಅಳಿಸಿದೆವು. ಇದು ಸರಿಯೋ ಎಂದು ನಮ್ಮ ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿದ್ದುದರಿಂದ ಮೂರನೆಯ ದಿನ ಮತ್ತೆ ಬರೆದೆವು, ಆದರೆ ಆಟದ ಸಮಯವನ್ನು ಕನ್ನಡದಲ್ಲಿ ಮಾತ್ರ ಬರೆದೆವು. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ‘ಸ್ತೂ’ ಎಂಬಲ್ಲಿ ತಡೆದು, ಬೆರಳಿಟ್ಟು, ಒತ್ತಕ್ಷರವನ್ನು ಬಿಡಿಸಿ ಓದಿ, ಸಮಯವನ್ನು ತನ್ನ ಮನೆಯವರಿಗೆ ಹೇಳಲು ಹೊರಟಳು.

ಬರುವ ಏಪ್ರಿಲ್ 24ರ ಸಂಜೆ ಏಳು ಗಂಟೆಗೆ ಶಾಲೆಯ ಅಂಗಳದಲ್ಲಿ ಆಟ. ಗೋಡೆಗೆ ಬಿಳಿಯ ಪಂಚೆ ಕಟ್ಟುತ್ತೇವೆ. ಯಂತ್ರವನ್ನು ಎರವಲು ತರುವುದೆಂದು ಗೊತ್ತಾಗಿದೆ. ಪೆಟ್ಟಿಗೆ ಈ ಸಲ ದಿಂಬಂ ಹತ್ತಬೇಕಾಗಿಲ್ಲ, ಚಿತ್ರವು ನಮ್ಮ ಜೇಬಿನಲ್ಲಿಯೇ ಇದೆ. ಕನ್ನಡದ್ದೇ ಎಂದು ಎರಡು ಸಲ ಹಾಕಿ ನೋಡಿಯೂ ಆಯಿತು. ಗುಮಟಾಪುರದ ಕಡೆಯವರು, ಗಡಿಯಾಚೆಯ ನಂಟರು ಬರುವುದಾದರೆ ಚಾಪೆ ತರಬೇಕು. ಆನೆಗಳು ಹೊಲಕ್ಕಿಳಿಯುವ ಕಾಲ. ಹಿಂದಿರುಗುವವರು ಗುಂಪಾಗಿಯೇ ಹೋಗಬೇಕು, ಇಲ್ಲವೆ ರಾತ್ರಿ ನಮ್ಮಲ್ಲಿಯೇ ಉಳಿಯಬಹುದು.