ಸೂಪರ್ ಅನ್ನಬೇಡಿ, ಏನು ಕಾಣುತ್ತೆ ಹೇಳಿ

ಹವ್ಯಾಸಿ ಛಾಯಾಗ್ರಾಹಕನಿಗೆ ಅತಿ ಸುಲಭವಾಗಿ ಸಿಗುವುದು ಹೊಗಳಿಕೆ. ಹಕ್ಕಿಯ ಚಿತ್ರವೊಂದನ್ನು ನೆಂಟರಿಷ್ಟರಿಗೆ ಮೊಬೈಲಿನಲ್ಲಿ ಕಳಿಸಿ ನೋಡಿ. ‘ಸೂಪರ್ ಸರ್’, ‘ಅದ್ಭುತ’ ಎಂದು ಸಾಲುಸಾಲಾಗಿ ಬಂದು ಬೀಳುತ್ತವೆ. ಇದನ್ನು ಸ್ಪರ್ಧೆಗೆ ಕಳಿಸಿ ಎನ್ನುವವರೂ ಉಂಟು. ಆ ಹಕ್ಕಿಯ ಕಣ್ಣೇ ಫೋಕಸ್‌ನಲ್ಲಿಲ್ಲ ಎಂದು ಸೋದರಮಾವನೂ ಹೇಳುವುದಿಲ್ಲ, ಆಫೀಸಿನ ಗೆಳೆಯನೂ ಹೇಳುವುದಿಲ್ಲ. ಅವರನ್ನು ದೂರುವಂತಿಲ್ಲ. ಅವರು ಹೊಗಳುತ್ತಿರುವುದು ನಮ್ಮನ್ನು, ಚಿತ್ರವನ್ನಲ್ಲ.

ಮೈಸೂರಿನಲ್ಲಿ ನಾವೊಂದಷ್ಟು ಜನ ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುವುದು ಈ ಹೊಗಳಿಕೆಯಿಂದ ತಪ್ಪಿಸಿಕೊಳ್ಳುವುದಕ್ಕೆ. ಹಾಲ್‌ನ ಕಿಟಕಿಗೆ ಪರದೆ ಎಳೆದು, ಲ್ಯಾಪ್‌ಟಾಪನ್ನು ಟಿವಿಗೆ ಸಿಕ್ಕಿಸಿ, ಟಿವಿಯ ‘ವಿವಿಡ್’ ಮೋಡನ್ನು ತೆಗೆದುಹಾಕುವುದು ಮೊದಲ ಕೆಲಸ. ಇಲ್ಲದಿದ್ದರೆ ಎಲ್ಲರ ಆಕಾಶವೂ ಒಂದೇ ನೀಲಿ, ಎಲ್ಲರ ಗದ್ದೆಯೂ ಒಂದೇ ಹಸಿರು. ಚಿತ್ರ ಯಾರದೆಂದು ಹೇಳುವಂತಿಲ್ಲ. ತೆಗೆದವರು ಉಳಿದವರ ಮಾತು ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಉಳಿದವರು ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಮುಂಚೆ ತಮಗೆ ಕಂಡದ್ದನ್ನು ಹೇಳಬೇಕು: ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲೆಲ್ಲಿ ಸುತ್ತಿತು, ಯಾವ ಮೂಲೆಯಿಂದ ಚೌಕಟ್ಟು ದಾಟಿ ಆಚೆ ಬಿತ್ತು. ಕೇಳಲು ಸರಳ. ಹೊಸಬರು ಮಾತ್ರ ಎರಡು ವಾಕ್ಯಕ್ಕೆ ತಡವರಿಸುತ್ತಾರೆ, ಮೂರನೆಯದಕ್ಕೆ ‘ಒಟ್ಟಿನಲ್ಲಿ ಚೆನ್ನಾಗಿದೆ’ ಎಂದು ಕಾಫಿ ಲೋಟಕ್ಕೆ ಕೈ ಹಾಕುತ್ತಾರೆ.

ಬಾಯಿ ಬಿಡಬಾರದು ಎಂಬ ನಿಯಮದ ಬಗ್ಗೆ ನನಗೆ ವಿಶೇಷ ಪ್ರೀತಿ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಕತ್ತಲಲ್ಲಿ ಟ್ರೈಪಾಡ್ ಹೊತ್ತು ಹತ್ತಿದವನಿಗೆ ತನ್ನ ಸೂರ್ಯೋದಯದ ಜೊತೆ ಮೆಟ್ಟಿಲನ್ನೂ ತೋರಿಸುವ ಆಸೆ. ಮಂಜು, ಮಂಡಿ ನೋವು, ಬೆನ್ನ ಮೇಲೆ ಆರಿದ ಬೆವರು, ಯಾವುದೂ ಚೌಕಟ್ಟಿನೊಳಗೆ ಬಂದಿರುವುದಿಲ್ಲ. ನೋಡುವವನಿಗೆ ಕಾಣುವುದು ಮಾವಿನ ರಸಾಯನದ ಬಣ್ಣಕ್ಕೆ ತಿರುಗಿದ ಆಕಾಶ, ಗೋಪುರದ ಅಂಚಿಗೆ ಯಾರೋ ಸೀಮೆಸುಣ್ಣದಲ್ಲಿ ಗೆರೆ ಎಳೆದರೇನೋ ಎಂಬಂಥ ಬಿಳಿ ಹೊಳಪು. ಆ ಬಿಳಿ ಗೆರೆ ಎಡಿಟಿಂಗ್‌ನ ಕೊಡುಗೆ. ‘ಕ್ಲಾರಿಟಿ’ಯನ್ನೂ ‘ಶಾರ್ಪ್‌ನೆಸ್’ಅನ್ನೂ ಮಿತಿಮೀರಿ ಎಳೆದರೆ ತಂತ್ರಾಂಶ ಕಪ್ಪು-ಬಿಳುಪು ಸೇರುವ ಅಂಚಿನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪಾಗಿಸಿ ಬಿಳುಪನ್ನು ಇನ್ನಷ್ಟು ಬಿಳುಪಾಗಿಸುತ್ತದೆ. ಎಳೆಯುವಾಗ ಚಿತ್ರ ಕ್ಷಣಕ್ಷಣಕ್ಕೂ ಸ್ಪಷ್ಟವಾಗುತ್ತಿರುವಂತೆ ಕಾಣುವುದರಿಂದ ಎಲ್ಲಿ ನಿಲ್ಲಿಸಬೇಕೆಂಬುದು ಎಳೆಯುವವನಿಗೇ ತಿಳಿಯುವುದಿಲ್ಲ. ಅದನ್ನು ಹೇಳಲು ಆ ಮೆಟ್ಟಿಲು ಹತ್ತದ ಇನ್ನೊಂದು ಜೊತೆ ಕಣ್ಣು ಬೇಕು.

ಎಲ್ಲ ಸಲಹೆಗಳಿಗೂ ಕಂಪ್ಯೂಟರಿನ ಮುಂದೆ ಪರಿಹಾರ ಸಿಗುವುದಿಲ್ಲ. ಒಮ್ಮೆ ರಂಗನತಿಟ್ಟಿನ ಬಣ್ಣದ ಕೊಕ್ಕರೆಯ ಚಿತ್ರ ಬಂದಿತ್ತು. ಗೂಡಿಗೆ ಕಡ್ಡಿ ತರುತ್ತಿದ್ದ ಹಕ್ಕಿ, ರೆಕ್ಕೆಯ ಕೆಳಗಿನಿಂದ ತೂರಿ ಬಂದ ಬೆಳಕು, ಬಾಲದ ಹತ್ತಿರದ ಗುಲಾಬಿ ಗರಿಗಳು ಒಂದೊಂದೂ ಬಿಡಿಬಿಡಿ. ಆದರೆ ಹಿಂದಿನ ಒಣ ಕೊಂಬೆಯೊಂದು ಸರಿಯಾಗಿ ನೆತ್ತಿಯಿಂದಲೇ ಎದ್ದಿತ್ತು. ಅಳಿಸಿಬಿಡಿ, ಅರ್ಧ ನಿಮಿಷದ ಕೆಲಸ ಎಂದರು ಒಬ್ಬರು. ಅಳಿಸುವಂತಿಲ್ಲ. ಅಂತರರಾಷ್ಟ್ರೀಯ ಸಲೋನ್‌ಗಳ, ಅಂದರೆ ಛಾಯಾಚಿತ್ರ ಸ್ಪರ್ಧೆಗಳ, ನೇಚರ್ ವಿಭಾಗದ ವ್ಯಾಖ್ಯೆಯ ಪ್ರಕಾರ ಚಿತ್ರದಲ್ಲಿರುವುದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು, ಜಾಗ ಬದಲಿಸುವುದು ನಿಷಿದ್ಧ. ಅಂಚನ್ನು ಕತ್ತರಿಸಬಹುದು, ಸೆನ್ಸರಿನ ಮೇಲೆ ಕೂತ ಧೂಳಿನ ಚುಕ್ಕೆ ಒರೆಸಬಹುದು, ಬೆಳಕನ್ನು ಅಲ್ಪಸ್ವಲ್ಪ ಹದ ಮಾಡಬಹುದು. ನೆತ್ತಿಯ ಕೊಂಬೆ ಅಲ್ಲೇ ಇರಬೇಕು. ಹಾಗಾದರೆ ಕೊಂಬೆಯ ಮಾತು ಎತ್ತಿದ್ದು ದಂಡವೇ? ನನಗೆ ಹಾಗನ್ನಿಸುವುದಿಲ್ಲ. ದೋಣಿ ಒಂದು ಮಾರು ಹಿಂದೆ ಇದ್ದಿದ್ದರೆ ಕೊಂಬೆ ಪಕ್ಕಕ್ಕೆ ಸರಿಯುತ್ತಿತ್ತು. ಹುಟ್ಟು ಹಾಕುವವರಿಗೆ ‘ಅಣ್ಣ, ಸ್ವಲ್ಪ ಹಿಂದಕ್ಕೆ’ ಅನ್ನುವ ಬುದ್ಧಿ ಮುಂದಿನ ಸಲ ಬರಬೇಕಾದರೆ ಈ ಸಲ ಯಾರಾದರೂ ಕೊಂಬೆಯನ್ನು ಕಾಣಿಸಬೇಕು. ನೋಡುವಾಗ ಕಣ್ಣು ಹಕ್ಕಿಯೊಂದನ್ನೇ ನೋಡುತ್ತದೆ, ಕ್ಯಾಮೆರಾ ಮಾತ್ರ ಹಕ್ಕಿ, ಕೊಂಬೆ, ಹಿಕ್ಕೆ ಎಲ್ಲವನ್ನೂ ಪಂಕ್ತಿಭೇದವಿಲ್ಲದೆ ಬರೆದುಕೊಳ್ಳುತ್ತದೆ.

ನಮ್ಮ ಗುಂಪಿನ ಹಿರಿಯರು ಒಂದು ಕಾಲಕ್ಕೆ ಸ್ಟುಡಿಯೊ ಇಟ್ಟಿದ್ದವರು. ಎಲ್ಲರಿಗೂ ಸ್ಟುಡಿಯೊ ಅಣ್ಣ. ಚಿಕ್ಕ ಹುಡುಗನೊಬ್ಬ ತನ್ನ ಅಜ್ಜಿಯ ಭಾವಚಿತ್ರ ತಂದಿದ್ದ. ಆ್ಯಪ್‌ ಒಂದರಲ್ಲಿ ಚರ್ಮ ನುಣುಪಾಗಿಸಿದ್ದ. ಎಂಬತ್ತು ದಾಟಿದ ಮುಖದಲ್ಲಿ ಒಂದು ಗೆರೆ ಉಳಿದಿರಲಿಲ್ಲ, ಮೂಗುಬೊಟ್ಟು ಮಾತ್ರ ಹಳೆಯದಾಗಿ ಹೊಳೆಯುತ್ತಿತ್ತು. ಅಣ್ಣ ಕನ್ನಡಕ ಏರಿಸಿ ನೋಡಿ, “ಏನೋ ಮರಿ, ಅಜ್ಜಿಗೆ ಇಸ್ತ್ರಿ ಹಾಕಿಬಿಟ್ಟಿದೀಯಲ್ಲೋ” ಅಂದರು. ಹುಡುಗನೂ ನಕ್ಕ. ಆಮೇಲೆ ಅಣ್ಣ ಬಿಡಿಸಿ ಹೇಳಿದ್ದು ನನಗೆ ಹೊಸದು. ಕಪ್ಪು-ಬಿಳುಪಿನ ಕಾಲದಲ್ಲಿ ಅವರೂ ಇದನ್ನೇ ಮಾಡುತ್ತಿದ್ದರು, ಪೆನ್ಸಿಲ್‌ನಲ್ಲಿ. ಮುಖದ ಸುಕ್ಕು ಪ್ರಿಂಟಿನಲ್ಲಿ ಕಪ್ಪಾಗಿ ಬೀಳುತ್ತದೆ ಎಂದರೆ ನೆಗೆಟಿವ್‌ನಲ್ಲಿ ಅದು ತೆಳು ಗೆರೆ. ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಆ ತೆಳು ಗೆರೆಯನ್ನು ಕಂಡೂ ಕಾಣದ ಹಾಗೆ ತುಂಬಿದರೆ ಬೆಳಕು ಅಷ್ಟು ಕಡಿಮೆ ಹಾಯ್ದು ಪ್ರಿಂಟಿನಲ್ಲಿ ಸುಕ್ಕು ತಿಳಿಯಾಗುತ್ತದೆ. “ತಿಳಿ ಮಾಡ್ತಿದ್ವಿ ಕಣೋ, ಅಳಿಸ್ತಿರ್ಲಿಲ್ಲ. ಅಳಿಸಿದ್ರೆ ಇದು ನಮ್ಮಮ್ಮನೇ ಅಲ್ಲ ಅಂತ ದುಡ್ಡು ಕೊಡದೆ ಹೋಗೋರು.” ಹುಡುಗ ಅಲ್ಲೇ ಕೂತು ಆ ನುಣುಪಿನ ಪದರದ ಒಪೇಸಿಟಿಯನ್ನು ನೂರರಿಂದ ಇಪ್ಪತ್ತಕ್ಕೆ ಇಳಿಸಿದ. ಅಜ್ಜಿ ಅಜ್ಜಿಯಾದರು.

ಹಳೆಯ ಕತ್ತಲೆ ಕೋಣೆ ಈಗಿನ ತಂತ್ರಾಂಶದಲ್ಲಿ ಎಷ್ಟು ಉಳಿದುಕೊಂಡಿದೆ ಎಂಬುದು ನನಗೊಂದು ಮೋಜಿನ ವಿಷಯ. ಫೋಟೊಶಾಪ್‌ನ ‘ಡಾಜ್’ ಉಪಕರಣದ ಗುರುತನ್ನು ಗಮನಿಸಿ: ಕಡ್ಡಿಯ ತುದಿಗೊಂದು ದುಂಡು ಬಿಲ್ಲೆ. ಎನ್‌ಲಾರ್ಜರ್ ಬೆಳಕಿಗೆ ಅಡ್ಡ ಹಿಡಿದು, ಮುಖ ತೀರಾ ಕಪ್ಪಾಗದ ಹಾಗೆ ಅಲ್ಲಾಡಿಸುತ್ತಿದ್ದ ರಟ್ಟಿನ ಚೂರು ಅದು, ತಂತಿಗೆ ಅಂಟಿಸಿದ್ದು. ‘ಬರ್ನ್’ನ ಗುರುತು ಮುಚ್ಚಿದ ಅಂಗೈ, ಬೆರಳ ಸಂದಿಯಿಂದ ಬೇಕಾದ ಕಡೆಗಷ್ಟೇ ಬೆಳಕು ಬಿಡುವ ಕೈ. ಎಡಿಟಿಂಗ್ ಅಂದರೆ ಮೋಸ ಎಂದು ಮೂಗು ಮುರಿಯುವವರಿಗೆ ನಾನು ಈ ಎರಡು ಗುರುತುಗಳನ್ನು ತೋರಿಸುತ್ತೇನೆ. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಮೂಡಿದ ಚಂದ್ರನನ್ನು ತೆಗೆದದ್ದು ಒಂದೇ ನೆಗೆಟಿವ್. ಅದರ ಪ್ರಿಂಟನ್ನು ದಶಕಗಟ್ಟಲೆ ಮತ್ತೆ ಮತ್ತೆ ಹಾಕುತ್ತ ಹೋದ ಹಾಗೆ ಆಕಾಶ ಕಪ್ಪಾಗುತ್ತ ಬಂತು. ಆತ ತನಗೆ ತಾನೇ ವಿಮರ್ಶಕ, ಅದೂ ಸಮಾಧಾನವಿಲ್ಲದ ವಿಮರ್ಶಕ. ಹಾಗೆಂದು ಎಲ್ಲ ಎಡಿಟಿಂಗೂ ಸಾಧುವಲ್ಲ. 2016ರಲ್ಲಿ ಸ್ಟೀವ್ ಮೆಕ್ಕರಿಯವರ ಕ್ಯೂಬಾದ ಚಿತ್ರವೊಂದು ಇಟಲಿಯ ಪ್ರದರ್ಶನದಲ್ಲಿ ತೂಗಿದ್ದಾಗ, ಬೀದಿಯ ಫಲಕದ ಕಂಬದ ತುಂಡೊಂದು ದಾರಿಹೋಕನ ಕಾಲಿನ ಮೇಲೆ ಬಂದು ಕೂತಿದ್ದನ್ನು ನೋಡಲು ಹೋದವರೊಬ್ಬರು ಪತ್ತೆ ಹಚ್ಚಿದರು. ಅಷ್ಟು ದೊಡ್ಡ ಹೆಸರಿನ ಚಿತ್ರದ ಆ ಮೂಲೆಯನ್ನು ಗೋಡೆಗೆ ಹೋಗುವ ಮುಂಚೆ ಯಾರೂ ನಿಧಾನವಾಗಿ ನೋಡಿರಲಿಲ್ಲ.

ಸ್ಪರ್ಧೆಗೆ ಕಳಿಸಿದರೆ ಈ ಕೆಲಸ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಲೋನ್‌ಗಳ ಬಗ್ಗೆ ನನಗೆ ಗೌರವವಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆಯಂಥವರು ಅವುಗಳ ಮೂಲಕ ನಮ್ಮ ಕಾಡನ್ನು ಹೊರಗಿನ ಲೋಕಕ್ಕೆ ತೋರಿಸಿದರು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳನ್ನು ಒಂದೆಡೆ ಕೂರಿಸುತ್ತ ಬಂದಿದೆ. ಆದರೆ ತೀರ್ಪಿನ ಕೋಣೆಯಲ್ಲಿ ಮೂವರು ತೀರ್ಪುಗಾರರ ಮುಂದೆ ಒಂದು ಚಿತ್ರ ನಿಲ್ಲುವುದು ಕೆಲವೇ ಸೆಕೆಂಡು. ಗುಂಡಿ ಒತ್ತುತ್ತಾರೆ, ಅಂಕ ಬೀಳುತ್ತದೆ, ಮುಂದಿನದು. ಮನೆಗೆ ಬರುವುದು ಒಂದು ಸಂಖ್ಯೆ. ಅದು ಗೆದ್ದೆಯೋ ಸೋತೆಯೋ ಹೇಳುತ್ತದೆ, ಕೊಂಬೆಯ ವಿಷಯ ಹೇಳುವುದಿಲ್ಲ.

ಇನ್ನು ಹೇಳುವ ರೀತಿ. ನಮ್ಮಲ್ಲಿ ‘ತಪ್ಪು ತಿಳ್ಕೋಬೇಡಿ ಸರ್’ ಎಂದು ಯಾರಾದರೂ ಶುರು ಮಾಡಿದರೆ ತೆಗೆದವರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅದಕ್ಕಿಂತ ‘ಎಡಗಡೆ ಮೂಲೆಯ ಬಿಳಿ ಬಕೆಟ್ಟು ನನ್ನ ಕಣ್ಣು ಎಳೀತಾ ಇದೆ’ ಅನ್ನುವುದು ಎಷ್ಟೋ ವಾಸಿ. ಅದರಲ್ಲಿ ಬೈಗುಳವಿಲ್ಲ, ಒಂದು ಬಕೆಟ್ಟಿದೆ. ಕ್ಯಾಮೆರಾ ಬದಲಾಯಿಸಿ ಎಂಬ ಸಲಹೆ ನನ್ನ ಪ್ರಕಾರ ವಿಮರ್ಶೆಯೇ ಅಲ್ಲ, ಅಂಗಡಿಯವರ ಮಾತು. ‘ನಾನಾಗಿದ್ದರೆ’ ಎಂದು ಶುರುವಾಗುವ ಮಾತಿಗೂ ನಾನು ಅರ್ಧ ಕಿವಿಯನ್ನೇ ಕೊಡುವುದು. ಅವರು ಆಗಲೇ ತಮ್ಮ ಚಿತ್ರ ತೆಗೆಯಲು ಹೊರಟಿರುತ್ತಾರೆ.

ಎಲ್ಲರ ಮಾತನ್ನೂ ಕೇಳಿ, ಯಾವುದನ್ನು ಬಿಡಬೇಕೆಂದು ಆರಿಸುವುದು ಪಡೆಯುವವರ ಹಕ್ಕು. ಕಳೆದ ದಸರೆ ಮುಗಿದ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ಜಂಬೂಸವಾರಿಯ ಚಿತ್ರ ತಂದಿದ್ದಳು. ಆನೆ, ಚಿನ್ನದ ಅಂಬಾರಿ, ಹಿಂದೆ ಅರಮನೆ; ಎಡ ಅಂಚಿನಲ್ಲಿ ಅಪ್ಪನ ಹೆಗಲೇರಿ ಬಾಯಿ ತೆರೆದು ನೋಡುತ್ತಿದ್ದ ಪುಟ್ಟ ಮಗು. ಮಗುವನ್ನು ಕತ್ತರಿಸು, ಕಣ್ಣು ಹಂಚಿಹೋಗುತ್ತೆ ಎಂದು ಎಲ್ಲರದೂ ಒಂದೇ ರಾಗ. ನಾನೂ ಅದನ್ನೇ ಹೇಳಿದೆ. ಸರದಿ ಬಂದಾಗ ಅವಳು, “ನಾನು ಕ್ಲಿಕ್ ಮಾಡಿದ್ದೇ ಆ ಮಗೂಗೋಸ್ಕರ” ಅಂದಳು. ಸ್ಟುಡಿಯೊ ಅಣ್ಣ ತಲೆ ಕೆರೆದುಕೊಂಡು, “ಹಾಗಾದ್ರೆ ಆನೇನ ಕತ್ತರಿಸಮ್ಮ” ಅಂದರು.

ಕತ್ತರಿಸಿದಳು. ಮೇಲಿನಿಂದ ಅರಮನೆ ಹೋಯಿತು, ಏಳುನೂರೈವತ್ತು ಕಿಲೋ ತೂಕದ ಅಂಬಾರಿ ಹೋಯಿತು, ಬಲಕ್ಕೆ ಬಣ್ಣ ಬರೆದ ಒಂದು ಸೊಂಡಿಲು ಮಾತ್ರ ಉಳಿಯಿತು. ಅದರ ಎದುರಿಗೆ ಆ ತೆರೆದ ಬಾಯಿ. ಟಿವಿಯ ಮುಂದೆ ಗದ್ದಲವೋ ಗದ್ದಲ. ಅಂಬಾರಿ ಇಲ್ಲದ ದಸರಾ ಫೋಟೊ ಯಾರು ನೋಡ್ತಾರೆ ಅಂತ ಒಬ್ಬರು, ದಸರಾ ಫೋಟೊ ಅಂತ ಯಾರು ಹೇಳಿದ್ದು ಅಂತ ಇನ್ನೊಬ್ಬರು. ಅವಳು ಅಷ್ಟರಲ್ಲಿ ಆ ಕ್ರಾಪನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಮುಂದಿನ ಚಿತ್ರಕ್ಕೆ ಹೋಗಿದ್ದಳು.