ತೇರದಾಳದ ಗೊಂಕ, ಲಂಡನ್ನಿನ ರಾಹಿಯರ್

ಬನಹಟ್ಟಿ

ಪ್ರೀತಿಯ ತಂಗಿಗೆ,

ಇಲ್ಲಿ ಉಣ್ಣಲು ಕೂತರೂ ಮಲಗಿದರೂ ಮಗ್ಗದ ಸಪ್ಪಳ. ಅದರ ನಡುವೆಯೇ ಬರೆಯುತ್ತಿದ್ದೇನೆ. ನಿನಗೆ ಬರೆಯಲೇಬೇಕು ಅನಿಸಿದ್ದು ತೇರದಾಳದ ನೇಮಿನಾಥ ಬಸದಿ ನೋಡಿದ ಮೇಲೆ. ಲಂಡನ್ನಿನ ಸ್ಮಿತ್‌ಫೀಲ್ಡಿನ ಸೇಂಟ್ ಬಾರ್ತಲೊಮ್ಯೂ ಚರ್ಚಿನ ಫೋಟೊ ಕಳಿಸಿದ್ದೆಯಲ್ಲ, ಅದು ಶುರುವಾದದ್ದು 1123ರಲ್ಲಿ. ಈ ಬಸದಿಯ ಶಾಸನ ಶಕ 1045ರದು. ಹೆಚ್ಚುಕಡಿಮೆ ಅದೇ ವರ್ಷ!

ಆಗ ಕಲ್ಯಾಣದಲ್ಲಿ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ. ತೇರದಾಳದ ಮಾಂಡಲಿಕ ಗೊಂಕನಿಗೆ ಹಾವು ಕಚ್ಚಿತಂತೆ. ಜೈನರ ಪಂಚನಮಸ್ಕಾರ ಮಂತ್ರದ ಬಲದಿಂದ ಉಳಿದುಕೊಂಡನಂತೆ. ಅವನೇ ಈ ಬಸದಿ ಕಟ್ಟಿಸಿ, ರಟ್ಟರ ಅರಸ ಕಾರ್ತವೀರ್ಯನನ್ನೂ ಕೊಲ್ಹಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರನ್ನೂ ಕರೆಸಿ ದತ್ತಿ ಬಿಟ್ಟ. ನಿಮ್ಮ ಚರ್ಚು ಕಟ್ಟಿಸಿದ ರಾಹಿಯರ್ ಇಂಗ್ಲೆಂಡಿನ ದೊರೆ ಒಂದನೆಯ ಹೆನ್ರಿಯ ಆಸ್ಥಾನದವನು. ರೋಮ್ ಯಾತ್ರೆಯಲ್ಲಿ ಜಡ್ಡಾಗಿ ಮಲಗಿ, ಬದುಕಿದರೆ ಬಡವರಿಗೆ ಆಸ್ಪತ್ರೆ ಕಟ್ಟಿಸುತ್ತೇನೆಂದು ಹರಕೆ ಹೊತ್ತ. ಆಸ್ಪತ್ರೆಯನ್ನೂ ಪಕ್ಕದಲ್ಲೇ ಈ ಚರ್ಚಿರುವ ಮಠವನ್ನೂ ಕಟ್ಟಿಸಿದ. ಅದೇ ಬಾರ್ಟ್ಸ್ ಆಸ್ಪತ್ರೆ, ಈಗಲೂ ನಡೆಯುತ್ತಿದೆ. ಈ ವಿಷಯದಲ್ಲಿ ಗೊಂಕನಿಗಿಂತ ರಾಹಿಯರನೇ ಒಂದು ಕೈ ಮೇಲು ಅಂತ ನನ್ನ ಲೆಕ್ಕ.

ಕಟ್ಟಡದ ಬುದ್ಧಿ ಮಾತ್ರ ಪೂರ್ತಿ ಬೇರೆ. ನಿಮ್ಮ ಚರ್ಚಿನಲ್ಲಿ ದಪ್ಪ ದಪ್ಪ ಕಂಬ, ಅವುಗಳ ಮೇಲೆ ಅರ್ಧವೃತ್ತದ ಕಮಾನು. ಕಮಾನು ಭಾರವನ್ನು ಎರಡೂ ಕಡೆ ಹಂಚುವುದರಿಂದ ಕಂಬಗಳ ನಡುವೆ ಜಾಗ ಬಿಡಬಹುದು, ಮೇಲಕ್ಕೂ ಏರಿಸಬಹುದು. ಚಾಲುಕ್ಯರ ಕಾಲದ ನಮ್ಮ ಕಲ್ಲುಕುಟಿಗರು ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಇಟ್ಟೇ ಕಟ್ಟಿದರು. ಕಲ್ಲಿನ ತೊಲೆ ತೀರಾ ಉದ್ದವಾದರೆ ತನ್ನ ಭಾರಕ್ಕೇ ಸೀಳುತ್ತದೆ. ಹಾಗಾಗಿ ಕಂಬಗಳು ಹತ್ತಿರ ಹತ್ತಿರ, ನವರಂಗದಲ್ಲಿ ಮಬ್ಬು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಮೊದಲು ಅಂಗಾಲಿಗೆ ತಂಪು ತಾಗುತ್ತದೆ, ಕಂಬಗಳು ಆಮೇಲೆ ಒಂದೊಂದಾಗಿ ಕಾಣುತ್ತವೆ.

ನನಗೆ ಹಿಡಿಸಿದ್ದು ಬಸದಿಯ ಶಾಸನ. 1182ರಲ್ಲಿ, 1187ರಲ್ಲಿ ಅದಕ್ಕೆ ಇನ್ನಷ್ಟು ಸೇರಿತು. ಅಯ್ಯಾವೊಳೆಯ ಐನೂರ್ವರು, ಅಂದರೆ ದೇಶದೇಶ ತಿರುಗುವ ವರ್ತಕರ ಸಂಘವೂ ಅದರಲ್ಲಿದೆ. ಹಾವಿನ ಪವಾಡ, ದತ್ತಿಯ ಲೆಕ್ಕ ಎಲ್ಲ ಒಟ್ಟಿಗೇ! ಬಸದಿ ಇಂಥ ದತ್ತಿಯಿಂದ ನಡೆದಂತೆ ಇಂಗ್ಲೆಂಡಿನ ಊರ ಚರ್ಚುಗಳೂ ರೈತರ ಬೆಳೆಯಲ್ಲಿ ಹತ್ತನೇ ಒಂದು ಪಾಲು ಪಡೆದೇ ನಡೆದವು. ದೀಪಕ್ಕೆ ಎಣ್ಣೆ ಎಲ್ಲಿಂದಾದರೂ ಬರಬೇಕಲ್ಲ.

ಎಂಟನೆಯ ಹೆನ್ರಿ 1539ರಲ್ಲಿ ರಾಹಿಯರನ ಮಠ ಮುಚ್ಚಿಸಿದ ಮೇಲೆ ಅದರ ಚರ್ಚಿನ ಮುಂಭಾಗದ ದೊಡ್ಡ ಸಭಾಂಗಣವನ್ನು ಕೆಡವಿದರು. ಸನ್ಯಾಸಿಗಳು ಪ್ರಾರ್ಥಿಸುತ್ತಿದ್ದ ಒಳಭಾಗವೇ ಊರವರ ಚರ್ಚಾಯಿತು. ರಾಹಿಯರನ ಗೋರಿ ಅಲ್ಲೇ ಇದೆ, ಈ ಸಲ ಹೋದರೆ ಅದರ ಫೋಟೊನೂ ತೆಗಿ.

ನಾಳೆ ರನ್ನನ ಊರು ಮುಧೋಳ, ಆಮೇಲೆ ಬೀಳಗಿ. ಅವ್ವನಿಗೆ ಇಲ್ಲಿಯ ಒಂದು ಸೀರೆ ತಗೊಂಡೆ. ನಿನಗೂ ಬೇಕಿದ್ದರೆ ಇವತ್ತೇ ಬಣ್ಣ ಹೇಳು.

ನಿನ್ನ ಅಣ್ಣ